ಬಾಡಿಗೆಯಿಲ್ಲದ ಮನೆ, ಬೆಳಗ್ಗೆ ಆರಕ್ಕೆ ಎಬ್ಬಿಸುವ ನಾಯಿ

ಇಂಗ್ಲೆಂಡಿನ ಡೆವನ್ ಸೀಮೆಯಲ್ಲೊಂದು ಹಳ್ಳಿಮನೆ. ಮೂರು ಕೋಣೆ, ಹಿತ್ತಿಲಲ್ಲಿ ಸೇಬಿನ ಮರ, ನಡೆದುಹೋಗುವಷ್ಟು ದೂರದಲ್ಲಿ ಸಮುದ್ರ. ಹದಿನೈದು ದಿನ ಇರಬಹುದು, ಒಂದು ಪೈಸೆ ಬಾಡಿಗೆ ಇಲ್ಲ. ಆದರೆ ಮನೆಯಲ್ಲೊಂದು ಮುದಿ ಲ್ಯಾಬ್ರಡಾರ್ ಇದೆ, ಅದಕ್ಕೆ ಬೆಳಗ್ಗೆ ಸಂಜೆ ಕೀಲುನೋವಿನ ಮಾತ್ರೆ ಕೊಡಬೇಕು. ಎರಡು ಬೆಕ್ಕುಗಳಿವೆ, ಒಂದಕ್ಕೊಂದು ಆಗಿಬರುವುದಿಲ್ಲ. ಕತ್ತಲಾಗುವ ಮೊದಲು ಕೋಳಿಗಳನ್ನು ಗೂಡಿಗೆ ಸೇರಿಸದಿದ್ದರೆ ನರಿ ಬಂದು ಹೊತ್ತೊಯ್ಯುತ್ತದೆ. ಟೊಮೆಟೊ ಗಿಡಗಳಿಗೆ ನೀರು ಹಾಕಬೇಕು, ಬುಧವಾರ ಬೆಳಗ್ಗೆ ಕಸದ ಡಬ್ಬಿಯನ್ನು ಬೀದಿಗೆ ಇಡಬೇಕು.

ಹೌಸ್ ಸಿಟ್ಟಿಂಗ್ ಜಾಲತಾಣಗಳಲ್ಲಿ ಬರುವ ಪ್ರಕಟಣೆಗಳು ಹೆಚ್ಚುಕಡಿಮೆ ಈ ಧಾಟಿಯಲ್ಲೇ ಇರುತ್ತವೆ. ಮನೆಯವರು ಪ್ರವಾಸಕ್ಕೆ ಹೊರಡುತ್ತಾರೆ, ಯಾರೋ ಅಪರಿಚಿತರು ಬಂದು ಅವರ ಮನೆಯಲ್ಲಿದ್ದು ಸಾಕುಪ್ರಾಣಿ, ಗಿಡ, ಟಪಾಲು ಎಲ್ಲ ನೋಡಿಕೊಳ್ಳುತ್ತಾರೆ. ಬಹುತೇಕ ತಾಣಗಳಲ್ಲಿ ಇಬ್ಬರ ನಡುವೆ ಹಣದ ಕೊಡುಕೊಳ್ಳುವಿಕೆ ಇರುವುದಿಲ್ಲ. ಒಬ್ಬರಿಗೆ ತಂಗಲು ಮನೆ ಸಿಕ್ಕಿತು, ಇನ್ನೊಬ್ಬರಿಗೆ ನೆಮ್ಮದಿ. ಹೋಟೆಲ್ ಬಾಡಿಗೆಯೇ ಪ್ರವಾಸದ ದೊಡ್ಡ ಖರ್ಚಾಗಿರುವ ಲಂಡನ್, ಸಿಡ್ನಿಯಂಥ ಊರುಗಳಲ್ಲಿ ಇದು ಕೇಳುವುದಕ್ಕೆ ಪುಕ್ಕಟೆ ಭಾಗ್ಯದಂತೆ ಕಾಣುತ್ತದೆ. ಪುಕ್ಕಟೆಯೇನಲ್ಲ. ಇಲ್ಲಿ ಪ್ರವಾಸಿ ದುಡ್ಡಿನ ಬದಲು ತನ್ನ ಹೊತ್ತನ್ನು ಕೊಡುತ್ತಾನೆ. ಎಷ್ಟು ಗಂಟೆಗೆ ಏಳಬೇಕು, ಎಷ್ಟು ದೂರ ಸುತ್ತಬಹುದು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಎನ್ನುವುದನ್ನೆಲ್ಲ ನಿರ್ಧರಿಸುವುದು ಆ ಲ್ಯಾಬ್ರಡಾರ್.

ಅಪರಿಚಿತರಿಗೆ ಬೀಗದ ಕೈ

ಊರಿಗೆ ಹೋಗುವಾಗ ಅಕ್ಕನ ಮಗನನ್ನೋ ಪಕ್ಕದ ಮನೆಯ ಹುಡುಗನನ್ನೋ ಕರೆದು “ನಾಲ್ಕು ದಿನ ರಾತ್ರಿ ಬಂದು ಮಲಗಪ್ಪ” ಎನ್ನುವುದು ನಮ್ಮಲ್ಲಿ ಹಳೆಯ ರೂಢಿ. ಗುರುತಿಲ್ಲದವರ ಕೈಗೆ ಬೀಗದ ಕೈ ಕೊಟ್ಟು ವಿಮಾನ ಹತ್ತುವುದು ಮಾತ್ರ ನಮಗೆ ಸುಲಭವಾಗಿ ಒಗ್ಗುವ ಮಾತಲ್ಲ. ಅಲ್ಲಿನವರು ಹಾಗೆ ಮಾಡುವುದಕ್ಕೆ ಕಾರಣಗಳಿವೆ.

ಮೊದಲನೆಯದು ಪ್ರಾಣಿಗಳು. ಆಸ್ಟ್ರೇಲಿಯಾದಲ್ಲಿ 2022ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ ಶೇ. 69ರಷ್ಟು ಮನೆಗಳಲ್ಲಿ ಸಾಕುಪ್ರಾಣಿಗಳಿದ್ದವು. ಮಕ್ಕಳು ಬೇರೆ ಊರಲ್ಲಿ, ಅಣ್ಣತಮ್ಮಂದಿರು ಬೇರೆ ರಾಜ್ಯದಲ್ಲಿ. ಮೂರು ವಾರ ನಾಯಿಯನ್ನು ಯಾರ ಹತ್ತಿರ ಬಿಡುವುದು? ದಿನದ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡು ಇಟ್ಟುಕೊಳ್ಳುವ ಬೋರ್ಡಿಂಗ್‌ಗಳಿವೆ. ಆದರೆ ಎರಡು ನಾಯಿ, ಒಂದು ಬೆಕ್ಕು ಇರುವ ಮನೆಗೆ ಆ ಬಿಲ್ಲು ಪ್ರವಾಸದ ಖರ್ಚನ್ನೇ ಮುಟ್ಟಬಹುದು. ವಯಸ್ಸಾದ ಪ್ರಾಣಿಗಳಂತೂ ಹೊಸ ಜಾಗದಲ್ಲಿ ಅನ್ನ ಬಿಡುತ್ತವೆ. ಬೆಕ್ಕುಗಳ ವಿಷಯ ಹೇಳುವುದೇ ಬೇಡ, ಅವಕ್ಕೆ ಮನುಷ್ಯರಿಗಿಂತ ಮನೆಯ ಮೇಲೆ ಮೋಹ ಹೆಚ್ಚು.

ಎರಡನೆಯದು ವಿಮೆ. ಬ್ರಿಟನ್ನಿನ ಅನೇಕ ಗೃಹವಿಮೆಗಳಲ್ಲಿ ಮನೆ ಸತತವಾಗಿ 30 ಅಥವಾ 60 ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ ಕೆಲವು ಬಗೆಯ ನಷ್ಟಕ್ಕೆ ಪರಿಹಾರ ಸಿಗುವುದಿಲ್ಲ. ಚಳಿಗಾಲದಲ್ಲಿ ಕೊಳಾಯಿಯೊಳಗಿನ ನೀರು ಹೆಪ್ಪುಗಟ್ಟಿ ಪೈಪು ಒಡೆದು, ಮನೆಯವರು ಬರುವ ಹೊತ್ತಿಗೆ ಚಾವಣಿಯೇ ಕುಸಿದು ಬಿದ್ದಿರಬಹುದು. ಮನೆಯಲ್ಲಿ ಜನ ಇದ್ದು ಹೀಟರ್ ಓಡುತ್ತಿದ್ದರೆ ಆ ಭಯವಿಲ್ಲ. ಸಂಜೆ ದೀಪ ಉರಿಯುವ ಮನೆಗೆ ಕಳ್ಳರೂ ಸುಲಭವಾಗಿ ಬರುವುದಿಲ್ಲ.

ಈ ಪದ್ಧತಿ ಇಂಟರ್‌ನೆಟ್ಟಿಗಿಂತ ಹಳೆಯದು. ಅಮೆರಿಕದಲ್ಲಿ ‘ಕೇರ್‌ಟೇಕರ್ ಗೆಜೆಟ್’ ಎಂಬ ಪತ್ರಿಕೆ 1983ರಿಂದಲೇ ತೋಟದ ಮನೆ, ದ್ವೀಪದ ಬಂಗಲೆ, ಪರ್ವತದ ಲಾಡ್ಜುಗಳನ್ನು ನೋಡಿಕೊಳ್ಳುವವರು ಬೇಕೆಂಬ ಜಾಹೀರಾತುಗಳನ್ನು ಅಚ್ಚು ಹಾಕುತ್ತಿತ್ತು. ಮನೆ ಅದಲುಬದಲು ಇನ್ನೂ ಹಿಂದಿನದು. 1953ರಲ್ಲೇ ಯುರೋಪಿನ ಶಿಕ್ಷಕರು ರಜೆಯಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಇರುವ ವ್ಯವಸ್ಥೆಯೊಂದನ್ನು ‘ಇಂಟರ್‌ವ್ಯಾಕ್’ ಹೆಸರಿನಲ್ಲಿ ಕಟ್ಟಿಕೊಂಡಿದ್ದರು. ಜಾಲತಾಣಗಳ ಕಾಲ ಬಂದ ಮೇಲೆ 2000ದಲ್ಲಿ ‘ಹೌಸ್‌ಕೇರರ್ಸ್’, 2005ರಲ್ಲಿ ‘ಮೈಂಡ್‌ಮೈಹೌಸ್’, 2010ರಲ್ಲಿ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಆ್ಯಂಡಿ ಪೆಕ್ ಆರಂಭಿಸಿದ ‘ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್’ ಬಂದವು. ಫ್ರಾನ್ಸಿನಲ್ಲಿ ‘ನೊಮಡೋರ್’, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ‘ಆಸಿ ಹೌಸ್ ಸಿಟ್ಟರ್ಸ್’, ‘ಕಿವಿ ಹೌಸ್ ಸಿಟ್ಟರ್ಸ್’ನಂಥ ದೇಶೀಯ ತಾಣಗಳಿವೆ. ಇವುಗಳಿಗೆ ವಾರ್ಷಿಕ ಸದಸ್ಯತ್ವದ ಶುಲ್ಕವಿರುತ್ತದೆ. ದೊಡ್ಡ ತಾಣದ್ದು ನೂರು ಡಾಲರ್ ದಾಟುತ್ತದೆ, ಚಿಕ್ಕವುಗಳದ್ದು ಅದಕ್ಕಿಂತ ಬಹಳ ಕಡಿಮೆ. ಒಂದೇ ದೇಶದಲ್ಲಿ ಸುತ್ತುವವರಿಗೆ ಆ ದೇಶದ ತಾಣವೇ ಸಾಕು.

ನಾಯಿಯ ಗಡಿಯಾರ

ಸಿಡ್ನಿಯ ಉತ್ತರಕ್ಕಿರುವ ಕರಾವಳಿಯ ಒಂದು ಮನೆ ಎಂದಿಟ್ಟುಕೊಳ್ಳೋಣ. ಬೆಳಗ್ಗೆ ಆರಕ್ಕೆ ನಾಯಿ ಹಾಸಿಗೆಯ ಪಕ್ಕ ಬಂದು ನಿಲ್ಲುತ್ತದೆ. ಕಿಸೆಯಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡೇ ಹೊರಡಬೇಕು. ನಾಯಿ ಮಾಡಿದ್ದನ್ನು ಬಳಿದು ಕಟ್ಟಿ ತೊಟ್ಟಿಗೆ ಹಾಕದಿದ್ದರೆ ದಂಡ. ಸಮುದ್ರದಂಡೆಯಲ್ಲಿ ಎಲ್ಲೆಲ್ಲಿ ಸರಪಳಿ ಬಿಚ್ಚಬಹುದು, ಎಷ್ಟು ಹೊತ್ತಿನವರೆಗೆ ಬಿಚ್ಚಬಹುದು ಎಂದು ನಗರಸಭೆಯ ಫಲಕದಲ್ಲಿ ಬರೆದಿರುತ್ತದೆ.

ವಾಕಿಂಗ್ ಮುಗಿಸಿ ಬಂದ ಮೇಲೆ ಉಣ್ಣೆ ಹುಡುಕುವ ಕೆಲಸ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ನಾಯಿಗೆ ಪಾರ್ಶ್ವವಾಯು ತರುವ ಒಂದು ಜಾತಿಯ ಉಣ್ಣೆಯಿದೆ. ಬೆರಳ ತುದಿಯಿಂದ ಕೂದಲನ್ನು ಸರಿಸುತ್ತ ಕಿವಿಯ ಒಳಮಡಿಕೆ, ತುಟಿಯ ಅಂಚು, ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ಬೆರಳ ಸಂದು ಎಲ್ಲ ತಡಕಬೇಕು. ಸಣ್ಣ ಗಂಟಿನಂತೆ ಕೈಗೆ ಸಿಕ್ಕರೆ ಬಿಡಿಸಿ ನೋಡಬೇಕು. ಹಿಂಗಾಲು ತೊಡರಿದರೆ, ಬೊಗಳುವ ಸ್ವರ ಬದಲಾದರೆ ಮರುದಿನ ನೋಡೋಣ ಎನ್ನುವಂತಿಲ್ಲ, ನೇರ ಪಶುವೈದ್ಯರ ಬಳಿಗೆ ಓಡಬೇಕು. ಹತ್ತು ನಿಮಿಷದ ಕೆಲಸ, ಆದರೆ ಒಂದು ದಿನವೂ ತಪ್ಪಿಸುವಂತಿಲ್ಲ.

ಆಮೇಲೆ ಹೊರಗೆ ಸುತ್ತಬಹುದು. ಎಷ್ಟು ಹೊತ್ತು? ನಾಯಿಯಿದ್ದ ಮನೆಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಗಂಟೆ. ಅಂದರೆ ರೈಲು ಹತ್ತಿ ಬ್ಲೂ ಮೌಂಟನ್ಸ್ ನೋಡಿ ಸಂಜೆ ಬರುತ್ತೇನೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹತ್ತಿರದ ಮಾರುಕಟ್ಟೆ, ಗ್ರಂಥಾಲಯ, ಸಮುದ್ರದ ಕಲ್ಲುಕೊಳಗಳಷ್ಟೇ. ನಾಲ್ಕನೆಯ ದಿನಕ್ಕೆ ಬೇಕರಿಯವರು ನಾಯಿಯ ಹೆಸರು ಹಿಡಿದು ಮಾತಾಡಿಸುತ್ತಾರೆ. ನೋಡಬೇಕಾದ ಹತ್ತು ಜಾಗಗಳ ಪಟ್ಟಿ ಕೈಯಲ್ಲಿ ಹಿಡಿದು ಹೊರಟವರಿಗೆ ಇದು ಸೆರೆಮನೆ. ಒಂದೇ ಬೀದಿಯನ್ನು ಹದಿನೈದು ದಿನ ನೋಡುವ ತಾಳ್ಮೆ ಇರುವವರಿಗೆ ಬೇರೆ ಯಾವ ಪ್ರವಾಸದಲ್ಲೂ ಸಿಗದ ಸುಖ. ಊರೂರು ಅಲೆಯುವ ಆಸೆಯವರು ಬೆಕ್ಕು ಮಾತ್ರ ಇರುವ ಮನೆ ಹುಡುಕುವುದು ಕ್ಷೇಮ. ಅಲ್ಲಿ ಹಗಲೆಲ್ಲ ಹೊರಗಿರಬಹುದು, ಸಂಜೆ ಊಟದ ಹೊತ್ತಿಗೆ ಬಂದರಾಯಿತು.

ನಮ್ಮ ಅಡುಗೆಮನೆಯಿಂದ ಹೋದವರು ಗಮನದಲ್ಲಿಡಬೇಕಾದ ಮಾತು ಇನ್ನೊಂದಿದೆ. ಉಳಿದ ಉಪ್ಪಿಟ್ಟನ್ನೋ ಸಾರನ್ನವನ್ನೋ ನಾಯಿಗೆ ಹಾಕುವುದು ನಮ್ಮಲ್ಲಿ ಸಹಜ. ಆದರೆ ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಪಾಯಸದೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಚಾಕೊಲೇಟ್ ಕೂಡ ವಿಷವೇ. ಯಾರೋ ಕೊಟ್ಟ ಹೂಗುಚ್ಛದಲ್ಲಿ ಲಿಲಿ ಇದ್ದು, ಅದರ ಪರಾಗ ಮೈಗೆ ಮೆತ್ತಿಕೊಂಡು ಬೆಕ್ಕು ನೆಕ್ಕಿದರೂ ಪ್ರಾಣಕ್ಕೆ ಸಂಚಕಾರ. ಇತ್ತ ಸಸ್ಯಾಹಾರಿಗಳು ಮೊದಲೇ ಕೇಳಿ ತಿಳಿಯಬೇಕಾದದ್ದೂ ಇದೆ. ಎಷ್ಟೋ ಮನೆಗಳಲ್ಲಿ ನಾಯಿಗೆ ಹಸಿ ಮಾಂಸ, ಎಲುಬು ಕೊಡುವ ಪದ್ಧತಿ. ಅದನ್ನು ಕೈಯಿಂದ ಮುಟ್ಟಿ, ತೂಕ ಮಾಡಿ ಬಟ್ಟಲಿಗೆ ಹಾಕಲಾಗದಿದ್ದರೆ ಆ ಮನೆಯನ್ನು ಒಪ್ಪಿಕೊಳ್ಳಲೇಬಾರದು.

ವೀಸಾ ಎಂಬ ತೊಡಕು

2022ರಲ್ಲಿ ಆಸ್ಟ್ರೇಲಿಯಾದ ಮಹಿಳೆಯೊಬ್ಬರು ಕೆನಡಾಕ್ಕೆ ಹೊರಟಿದ್ದರು. ಅಲ್ಲಿ ಬೆಕ್ಕು ನೋಡಿಕೊಂಡು ಒಂದು ಮನೆಯಲ್ಲಿರುವ ಯೋಜನೆ. ದಾರಿಯಲ್ಲಿ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿನ ಅಧಿಕಾರಿಗಳು ವಿಚಾರಿಸಿದಾಗ ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವಸತಿಯ ಬದಲಿಗೆ ಬೆಕ್ಕು ನೋಡಿಕೊಳ್ಳುವುದು ಕೆಲಸವೇ ಎಂದು ತೀರ್ಮಾನಿಸಿದ ಅಧಿಕಾರಿಗಳು ಅವರನ್ನು ತಡೆದು ಆಸ್ಟ್ರೇಲಿಯಾಕ್ಕೆ ವಾಪಸು ಕಳುಹಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದ ಈ ಪ್ರಕರಣ ಹೌಸ್ ಸಿಟ್ಟಿಂಗ್ ಮಾಡುವವರ ನಡುವೆ ಸಾಕಷ್ಟು ಗಾಬರಿ ಹುಟ್ಟಿಸಿತು.

ಗಾಬರಿಗೆ ಕಾರಣವೂ ಇತ್ತು. ಸಂಬಳ ಇಲ್ಲದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಅದು ಕೆಲಸವಲ್ಲ ಎಂದಾಗುವುದಿಲ್ಲ. ಆಸ್ಟ್ರೇಲಿಯಾದ ವಲಸೆ ನಿಯಮಗಳು ‘ಸಾಮಾನ್ಯವಾಗಿ ಸಂಭಾವನೆ ದೊರೆಯುವಂಥ ಚಟುವಟಿಕೆ’ಯನ್ನು ಕೆಲಸವೆಂದು ಪರಿಗಣಿಸುತ್ತವೆ. ನ್ಯೂಜಿಲೆಂಡಿನ ನಿಯಮಗಳಲ್ಲಿ ಊಟ, ವಸತಿಯಂಥ ಪ್ರತಿಫಲವೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಕೆಲಸಕ್ಕೆ ನಿಷೇಧ. ಸ್ವಯಂಸೇವೆಗೆ ಅವಕಾಶವಿದ್ದರೂ ಅದು ನೋಂದಾಯಿತ ಧರ್ಮಾರ್ಥ ಸಂಸ್ಥೆಗೆ, 30 ದಿನದ ಮಿತಿಯಲ್ಲಿ ಮಾತ್ರ. ವಿಮಾನ ನಿಲ್ದಾಣದ ಕಿಟಕಿಯಾಚೆ ಕುಳಿತ ಅಧಿಕಾರಿ ಇದನ್ನು ಹೇಗೆ ಓದುತ್ತಾನೆ ಎನ್ನುವುದರ ಮೇಲೆ ಪ್ರವಾಸ ನಿಂತಿರುತ್ತದೆ.

ಭಾರತದ ಪಾಸ್‌ಪೋರ್ಟಿನವರಿಗೆ ತೊಡಕು ಇನ್ನೂ ಮೊದಲೇ, ವೀಸಾ ಅರ್ಜಿಯ ಹಂತದಲ್ಲೇ ಶುರುವಾಗುತ್ತದೆ. ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ದಾಖಲೆ ಕೊಡಬೇಕು. ಫ್ರಾನ್ಸಿನಲ್ಲಿ ಖಾಸಗಿ ಮನೆಯಲ್ಲಿ ತಂಗುವ ಅತಿಥಿಗಾಗಿ ಮನೆಯವರು ಪುರಸಭೆಗೆ ಹೋಗಿ ಆತಿಥ್ಯದ ಪತ್ರ ಮಾಡಿಸಿಕೊಡಬೇಕು. ವಿಡಿಯೊ ಕರೆಯಲ್ಲಷ್ಟೇ ನೋಡಿದವರಿಗಾಗಿ ಅಷ್ಟೆಲ್ಲ ಅಲೆಯುವವರು ಎಷ್ಟು ಮಂದಿ? ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು, 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಸುಳ್ಳು ಹೋಟೆಲ್ ಬುಕಿಂಗ್ ತೋರಿಸಿ ಹೋದರಾಯಿತು ಎಂಬ ಉಪಾಯ ಹೇಳುವವರಿದ್ದಾರೆ. ಸಿಕ್ಕಿಬಿದ್ದರೆ ಮುಂದಿನ ವೀಸಾಗಳ ಬಾಗಿಲೂ ಮುಚ್ಚುತ್ತದೆ. ಹೊರಡುವ ಮುನ್ನ ಆಯಾ ದೇಶದ ವಲಸೆ ಇಲಾಖೆಗೇ ಬರೆದು ಕೇಳುವುದೊಂದೇ ನೆಟ್ಟಗಿನ ದಾರಿ.

ಹಾಗಾದರೆ ಕನ್ನಡಿಗರಲ್ಲಿ ಇದು ಯಾರಿಗೆ ಒದಗುತ್ತದೆ? ಮುಖ್ಯವಾಗಿ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಪೌರತ್ವವೋ ಕಾಯಂ ವಾಸದ ಹಕ್ಕೋ ಪಡೆದು ನೆಲೆಸಿದವರಿಗೆ. ತಾವಿರುವ ದೇಶದೊಳಗೇ ಸುತ್ತುವುದಕ್ಕೆ ಅವರಿಗೆ ವೀಸಾದ ಪ್ರಶ್ನೆಯಿಲ್ಲ. ಲಂಡನ್ನಿನ ಹೊರವಲಯದ ಕುಟುಂಬವೊಂದು ಶಾಲೆಯ ರಜೆಯಲ್ಲಿ ಕಾರ್ನ್‌ವಾಲ್‌ನಲ್ಲೋ ಸ್ಕಾಟ್ಲೆಂಡಿನ ಹಳ್ಳಿಯಲ್ಲೋ ಬಾಡಿಗೆಯಿಲ್ಲದೆ ಎರಡು ವಾರ ಇದ್ದು ಬರಬಹುದು. ಮಕ್ಕಳಿಗೆ ನಾಯಿ ಬೇಕು, ವರ್ಷವಿಡೀ ಸಾಕುವ ಚೈತನ್ಯ ತಮಗಿಲ್ಲ ಎನ್ನುವ ಅಪ್ಪ ಅಮ್ಮಂದಿರಿಗಂತೂ ಹೇಳಿ ಮಾಡಿಸಿದ ವ್ಯವಸ್ಥೆ.

ಭಾರತದೊಳಗೆ ಇಂಥ ಪ್ರಕಟಣೆಗಳು ಇನ್ನೂ ವಿರಳ. ಬೆಂಗಳೂರಿನಲ್ಲಿ ಹಣ ಪಡೆದು ನಾಯಿ ಬೆಕ್ಕು ನೋಡಿಕೊಳ್ಳುವವರು ಸಿಗುತ್ತಾರೆ, ಆದರೆ ಮನೆಯನ್ನೇ ಬಿಟ್ಟುಕೊಡುವುದು ಸ್ನೇಹಿತರ ವಲಯದಲ್ಲೇ ಹೆಚ್ಚು. ಮೈಸೂರಿನ ಗೆಳೆಯರು ವಾರದ ಮಟ್ಟಿಗೆ ಊರು ಬಿಟ್ಟಾಗ ಅವರ ನಾಯಿಯ ಜೊತೆ ಇದ್ದು, ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬರುವುದು ಕೂಡ ಇದೇ ಬಗೆಯ ಪ್ರವಾಸ. ಅಪಾರ್ಟ್‌ಮೆಂಟ್ ಆದರೆ ಅಲ್ಲಿನ ಸಂಘಕ್ಕೂ ಸೆಕ್ಯುರಿಟಿಯವರಿಗೂ ಮೊದಲೇ ಹೇಳಿಸಿಡಬೇಕು. ಇಲ್ಲದಿದ್ದರೆ ಗೇಟಿನಲ್ಲೇ ಪಂಚಾಯಿತಿ.

ಮೊದಲ ಮನೆ ಸಿಗುವುದು ಹೇಗೆ?

ಈ ವ್ಯವಹಾರ ನಿಂತಿರುವುದು ಹಿಂದಿನ ಮನೆಯವರು ಬರೆದ ಒಳ್ಳೆಯ ಮಾತುಗಳ ಮೇಲೆ. ಹೊಸಬರ ಬಳಿ ಅದೇ ಇರುವುದಿಲ್ಲ. ಆದ್ದರಿಂದ ಮೊದಲು ತಮ್ಮ ಊರಲ್ಲೇ, ಗೊತ್ತಿರುವವರ ಪ್ರಾಣಿಗಳನ್ನು ನೋಡಿಕೊಂಡು ಅವರಿಂದ ನಾಲ್ಕು ಸಾಲು ಬರೆಸಿಕೊಳ್ಳುವುದು ವಾಡಿಕೆ. ಬಾಡಿಗೆ ಮನೆಯಲ್ಲಿದ್ದವರು ಮಾಲೀಕರಿಂದಲೂ ಬರೆಸಬಹುದು. ಪ್ರೊಫೈಲ್‌ನಲ್ಲಿ ತಾಜಮಹಲ್ ಮುಂದೆ ನಿಂತ ಫೋಟೊಗಿಂತ ನಾಯಿಯ ಪಕ್ಕ ನೆಲದ ಮೇಲೆ ಕೂತ ಫೋಟೊ ಕೆಲಸಕ್ಕೆ ಬರುತ್ತದೆ. ಬೆಕ್ಕಿಗೆ ಮಾತ್ರೆ ನುಂಗಿಸಿ ಗೊತ್ತು, ಹಸು ಕಟ್ಟಿದ ಮನೆಯಲ್ಲಿ ಬೆಳೆದದ್ದು, ತೋಟದ ಕೆಲಸ ಬರುತ್ತದೆ ಎಂಬ ವಿವರಗಳನ್ನು ಮನೆಯವರು ಹುಡುಕಿ ಓದುತ್ತಾರೆ. ಹಳ್ಳಿಯಿಂದ ಹೋದವರಿಗೆ ಇಲ್ಲೊಂದು ಮೇಲುಗೈ ಇದೆ, ಕೋಳಿ ಕುರಿಗಳಿರುವ ಮನೆಗೆ ಪೇಟೆಯ ಅರ್ಜಿದಾರರು ಹಿಂಜರಿಯುತ್ತಾರೆ.

ಅರ್ಜಿ ಚಿಕ್ಕದಿರಬೇಕು, ಬೇಗ ಹೋಗಬೇಕು. ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್‌ನಲ್ಲಿ ಐದು ಅರ್ಜಿ ಬಂದ ಕೂಡಲೇ ಹೊಸ ಅರ್ಜಿಗಳಿಗೆ ತಡೆ ಬೀಳುತ್ತದೆ, ಮನೆಯವರು ಆ ಐದನ್ನು ನೋಡಿದ ಮೇಲೆಯೇ ಮತ್ತೆ ತೆರೆಯುವುದು. ಲಂಡನ್ನಿನ ಬೆಕ್ಕಿನ ಮನೆಗಳು ನೋಡುನೋಡುತ್ತ ಮುಗಿದುಹೋಗುತ್ತವೆ. ನವೆಂಬರಿನ ಸ್ಕಾಟ್ಲೆಂಡ್, ಬಸ್ಸಿಲ್ಲದ ಹಳ್ಳಿ, ಮೂರು ನಾಯಿಯ ಮನೆಗೆ ಪೈಪೋಟಿ ಕಡಿಮೆ. ಹೊಸಬರು ಅಲ್ಲಿಂದಲೇ ಶುರುಮಾಡುವುದು ಜಾಣತನ. ಪತ್ರದಲ್ಲಿ ನಾಯಿಯ ಹೆಸರು ಹಿಡಿದು ಬರೆಯಬೇಕು. ಎಲ್ಲರಿಗೂ ಕಳಿಸುವ ಒಂದೇ ಒಕ್ಕಣೆಯನ್ನು ಮನೆಯವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ.

ನಂತರ ವಿಡಿಯೊ ಕರೆ. ಪರೀಕ್ಷೆ ಇಲ್ಲಿ ಎರಡೂ ಕಡೆಯವರಿಗೆ. ನಾಯಿಯನ್ನು ಎಷ್ಟು ಹೊತ್ತು ಒಂಟಿಯಾಗಿ ಬಿಡಬಹುದು? ರಾತ್ರಿ ಅದು ಮಲಗುವುದೆಲ್ಲಿ? (ಉತ್ತರ ಹಲವು ಸಲ ‘ನಿಮ್ಮ ಹಾಸಿಗೆಯ ಮೇಲೆ’ ಎಂದೇ ಇರುತ್ತದೆ.) ಕಚ್ಚಿದ್ದುಂಟೆ? ಮನೆಯೊಳಗೆ ಕ್ಯಾಮೆರಾ ಇದೆಯೇ, ಎಲ್ಲೆಲ್ಲಿ? ಕಾರು ಇಲ್ಲದೆ ನಡೆಯುತ್ತದೆಯೇ? ದೀರ್ಘಾವಧಿಯಾದರೆ ವಿದ್ಯುತ್ ಬಿಲ್ಲು ಯಾರದು? ಹತ್ತಾರು ಕುರಿ, ಕುದುರೆ, ದಿನಕ್ಕೆ ನಾಲ್ಕು ಗಂಟೆ ತೋಟದ ಕೆಲಸ ಎಂದು ಪಟ್ಟಿ ಬೆಳೆಯುತ್ತ ಹೋದರೆ ಅದು ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ, ನಯವಾಗಿ ಬೇಡವೆನ್ನಬಹುದು. ತಾಣದ ಹೊರಗೆ ಮುಂಗಡ ಕಳಿಸಿ, ಠೇವಣಿ ಕಟ್ಟಿ ಎಂದವರಿಂದ ದೂರ ಇರಬೇಕು. ಅಂಥ ಮನೆ ಬರೀ ಫೋಟೊದಲ್ಲಿ ಮಾತ್ರ ಇರುವ ಸಾಧ್ಯತೆ ಹೆಚ್ಚು.

ಮನೆಯವರ ಪ್ರವಾಸವೇ ರದ್ದಾದರೆ ಮನೆ ಕಾಯಲು ಹೊರಟವರ ಗತಿ ಏನು? ಟಿಕೆಟ್ ಕೈಯಲ್ಲಿ, ತಲೆಯ ಮೇಲೆ ಸೂರಿಲ್ಲ. ಇದು ಆಗುತ್ತಿರುತ್ತದೆ. ಆದ್ದರಿಂದ ಕೆಲವು ದಿನದ ಹೋಟೆಲ್ ಖರ್ಚನ್ನು ಬೇರೆಯಾಗಿ ತೆಗೆದಿಡದೆ ಹೊರಡುವುದು ಅಪಾಯ.

ಒಪ್ಪಿಸಿಕೊಳ್ಳುವುದು, ಒಪ್ಪಿಸುವುದು

ಮನೆಯವರು ಹೊರಡುವ ಹಿಂದಿನ ಸಂಜೆಯೇ ತಲುಪುವುದು ಒಳ್ಳೆಯ ಕ್ರಮ. ಅವರೊಂದಿಗೆ ಒಂದು ಸಲ ನಾಯಿಯನ್ನು ಸುತ್ತಿಸಿ ಬಂದರೆ ಅದಕ್ಕೆ ಯಾವ ಬೀದಿ ಇಷ್ಟ, ಯಾವ ನಾಯಿಯನ್ನು ಕಂಡರೆ ಆಗದು ಎಲ್ಲ ತಿಳಿಯುತ್ತದೆ. ನೀರಿನ ಮುಖ್ಯ ವಾಲ್ವ್ ಎಲ್ಲಿ, ಫ್ಯೂಸ್ ಪೆಟ್ಟಿಗೆ ಎಲ್ಲಿ, ಅಲಾರಂ ಕೂಗಿದರೆ ಏನು ಮಾಡಬೇಕು, ಯಾವ ಬಣ್ಣದ ತೊಟ್ಟಿ ಯಾವ ವಾರ ಎಂಬುದನ್ನು ಕಣ್ಣಾರೆ ನೋಡಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಆಸ್ಟ್ರೇಲಿಯಾದ ಹಳ್ಳಿಗಾಡಿನಲ್ಲಿ ಮಳೆನೀರಿನ ಟ್ಯಾಂಕೇ ಆಧಾರವಾಗಿರುವ ಮನೆಗಳಿವೆ, ಅಲ್ಲಿ ಹತ್ತು ನಿಮಿಷದ ಸ್ನಾನವೂ ದುಂದು. ಕಾಳ್ಗಿಚ್ಚಿನ ಕಾಲದಲ್ಲಿ ಪ್ರಾಣಿಗಳನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕು ಎನ್ನುವುದನ್ನೂ ಕೇಳಿ ಬರೆದುಕೊಳ್ಳಬೇಕು.

ಕೇಳುವುದಕ್ಕೆ ಬಾಯಿ ಬಾರದ ಪ್ರಶ್ನೆಯೊಂದಿದೆ. ಹದಿನಾಲ್ಕು ವರ್ಷದ ನಾಯಿ ಮನೆಯವರು ಇಲ್ಲದಾಗಲೇ ಹಾಸಿಗೆ ಹಿಡಿದರೆ? ಆಪರೇಷನ್ ಮಾಡಿಸಬೇಕೆ, ಎಷ್ಟು ಖರ್ಚಿನವರೆಗೆ, ಮನೆಯವರು ವಿಮಾನದಲ್ಲಿದ್ದು ಫೋನು ಸಿಗದಿದ್ದರೆ ತೀರ್ಮಾನ ಯಾರದು? ಅನುಭವಸ್ಥರು ಇದನ್ನು ಮುಂಚೆಯೇ ಕೇಳಿ ಬರೆಸಿಕೊಳ್ಳುತ್ತಾರೆ. ಬಿಲ್ಲು ತಾವು ಕಟ್ಟುತ್ತೇವೆಂದು ಪಶುವೈದ್ಯರಿಗೆ ಮನೆಯವರೇ ತಿಳಿಸಿಟ್ಟಿದ್ದರೆ ನಡುರಾತ್ರಿಯಲ್ಲಿ ಜೇಬು ತಡಕುವ ಪ್ರಮೇಯ ಬರುವುದಿಲ್ಲ.

ಕೊನೆಯ ದಿನ ಹಾಸಿಗೆಯ ಹೊದಿಕೆ ಒಗೆದು, ಫ್ರಿಜ್ ಒರೆಸಿ, ಕಸ ಹಾಕಿ, ಮುರಿದ ಲೋಟವಿದ್ದರೆ ಅದನ್ನು ಮುಚ್ಚಿಡದೆ ಹೇಳಿ ಹೊರಡುವುದು ರಿವಾಜು. ಒಗ್ಗರಣೆಯ ಘಮ ಪರದೆಗಳಲ್ಲಿ ಉಳಿಯದಂತೆ ಎರಡು ದಿನ ಮೊದಲೇ ಕಿಟಕಿ ತೆರೆದಿಡುವ ಕನ್ನಡ ಗೃಹಿಣಿಯರ ಜಾಣ್ಮೆಯನ್ನೂ ಇದಕ್ಕೆ ಸೇರಿಸಬಹುದು. ಮನೆಯವರು ಬಂದು ಎಲ್ಲ ಸರಿಯಿದೆ ಎಂದು ನೋಡಿ ತಾಣದಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಅಂಥ ನಾಲ್ಕೈದು ಬರಹಗಳು ಸೇರಿದ ಮೇಲೆ ಅರ್ಜಿ ಹಾಕುವ ತಾಪತ್ರಯ ಕಡಿಮೆಯಾಗುತ್ತದೆ. ಹಳೆಯ ಮನೆಯವರೇ ಮುಂದಿನ ವರ್ಷದ ರಜೆಯ ತಾರೀಕು ಹಿಡಿದು, ನೀವು ಬರುವುದಾದರೆ ಟಿಕೆಟ್ ಮಾಡಿಸುತ್ತೇವೆ ಎಂದು ಕೇಳಿ ಕಳಿಸುತ್ತಾರೆ. ಕ್ರಿಸ್‌ಮಸ್ ಸಮಯಕ್ಕೆ ಮನೆ ಬೇಕೆನ್ನುವವರು ಆ ತಿಂಗಳಿಗಾಗಿ ಕಾಯದೆ, ಆಗಸ್ಟ್ ಸೆಪ್ಟೆಂಬರಿನಿಂದಲೇ ಪ್ರಕಟಣೆಗಳ ಮೇಲೆ ಕಣ್ಣಿಡಬೇಕು. ಆಸ್ಟ್ರೇಲಿಯಾದಲ್ಲಿ ಅದೇ ಬೇಸಿಗೆ ರಜೆಯ ಕಾಲವೂ ಆದ್ದರಿಂದ, ಮನೆಗಳಿಗಿಂತ ಮನೆ ಕಾಯುವವರೇ ಕಡಿಮೆ ಬೀಳುವ ವಾರಗಳು ಅವು.